ಟೀಚರ್ ಹೊಡೆದು ಹಾಕಿದ ಸಾಲು

ನಾನು ಬರೆದ ಇಂಗ್ಲಿಷಿನ ಮೇಲೆ ಕೆಂಪು ಗೀಟು ಬಿತ್ತು. ಅದೂ ಈ ವಯಸ್ಸಿನಲ್ಲಿ! ಗೀಟು ಎಳೆದವರು ಜುಬೈದಾ ಟೀಚರ್. ವಿಟ್ಲದ ಹತ್ತಿರ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಾರೆ.

ಪರಿಸರ ಶಿಕ್ಷಣಕ್ಕೆ ಅನುದಾನ ಕೊಡುವ ಬೆಂಗಳೂರಿನ ಸಂಸ್ಥೆಯೊಂದಕ್ಕೆ ಅವರು ಅರ್ಜಿ ಹಾಕಬೇಕಿತ್ತು. ಊರಿನ ಸುರಂಗಗಳನ್ನೆಲ್ಲ (ನೀರಿಗಾಗಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ತೋಡಿದ ಬಾವಿ ಅನ್ನಿ) ಮಕ್ಕಳು ಅಳೆದು ನಕ್ಷೆ ಮಾಡಬೇಕು, ತೋಡಿದವರ ಹೆಸರು ಬರೆದಿಡಬೇಕು ಎಂಬುದು ಅವರ ಆಸೆ. ದಾರಿ ತೋರಿಸುವವರು ಐತಪ್ಪಣ್ಣ. ಜೀವಮಾನವಿಡೀ ಸುರಂಗ ತೋಡಿದ ಮನುಷ್ಯ. ಈಗ ಮೊಣಗಂಟು ಕೈಕೊಟ್ಟಿದೆ. ಈ ಬೇಸಗೆ ತಪ್ಪಿದರೆ ಮುಂದಿನ ವರ್ಷ ಗುಡ್ಡ ಹತ್ತುವ ಖಾತ್ರಿಯಿಲ್ಲ. ಜೀಪು, ಅಳತೆ ಟೇಪು, ಕ್ಯಾಮೆರಾ ರೀಲು ಎಲ್ಲ ಬೇಕು. ಶಾಲೆಯ ಹತ್ತಿರ ಕಾಸಿಲ್ಲ.

ಫಾರ್ಮು ಇಂಗ್ಲಿಷಿನಲ್ಲಿತ್ತು. ಎರಡು ಬಸ್ಸು ಬದಲಿಸಿ ಮೂಡುಬಿದಿರೆಗೆ, ನನ್ನ ಮನೆಗೆ ಬಂದರು. (ಇಂಥ ಅರ್ಜಿ ಬರೆಯುವುದರಲ್ಲಿ ನಾನು ಎತ್ತಿದ ಕೈ ಎಂದು ಯಾರೋ ಹೇಳಿದ್ದರಂತೆ.)

ನಾನು ಜೋರಾಗಿಯೇ ಶುರು ಮಾಡಿದೆ. ಇಲ್ಲಿಯ ಜನರಿಗೆ ನೀರಿನ ಮಹತ್ವ ತಿಳಿದಿಲ್ಲ, ಅವರಲ್ಲಿ ಜಾಗೃತಿ ಮೂಡಿಸುವುದೇ ಯೋಜನೆಯ ಉದ್ದೇಶ ಎಂದು ಬರೆದೆ. ಹಣ ಕೊಡುವವರಿಗೆ ಈ ಸಾಲೆಂದರೆ ಪಂಚಪ್ರಾಣ. ಟೀಚರ್ ಬ್ಯಾಗಿನಿಂದ ಕೆಂಪು ಪೆನ್ನು ತೆಗೆದರು.

"ಇದು ಬೇಡ ಸರ್."

"ಇದಿಲ್ಲದೆ ಹಣ ಬರುದಿಲ್ಲ ಮಾರಾಯ್ರೇ!"

"ಐತಪ್ಪಣ್ಣನಿಗೆ ನೀರಿನ ಮಹತ್ವ ಗೊತ್ತಿಲ್ಲ ಅಂತ ನಾನು ಸೈನ್ ಹಾಕುದು ಹೇಗೆ? ನಾಳೆ ಅವರ ಮುಖ ನೋಡುದು ಬೇಡ್ವಾ?"

ಸಂಪನ್ಮೂಲ ವ್ಯಕ್ತಿಯ ವಿದ್ಯಾರ್ಹತೆ ಎಂಬ ಜಾಗವನ್ನೂ ತಾವೇ ತುಂಬಿದರು: 'ಶಾಲೆಗೆ ಹೋಗಿಲ್ಲ. ತೋಡಿದ ಸುರಂಗಗಳ ಲೆಕ್ಕ ಅವರಿಗೇ ನೆನಪಿಲ್ಲ.' ಈ ಅರ್ಜಿ ನೇರ ಕಸದ ಬುಟ್ಟಿಗೆ ಎಂದುಕೊಂಡೆ. ಹೆಣ್ಣುಮಗಳ ಬಸ್ ಚಾರ್ಜೂ ದಂಡವಾಯಿತಲ್ಲ ಎಂದು ಮರುಕವೂ ಪಟ್ಟೆ.

ಫೆಬ್ರವರಿಯಲ್ಲಿ ಸಂಸ್ಥೆಯ ಅಧಿಕಾರಿಯೊಬ್ಬರು ಖುದ್ದಾಗಿ ಸುರಂಗ ನೋಡಲು ಬಂದರು. ಟೀಚರ್ ನನ್ನನ್ನೂ ಕರೆಸಿಕೊಂಡಿದ್ದರು. ಇಸ್ತ್ರಿ ಮಾಡಿದ ಪ್ಯಾಂಟು. "ಓದದೇ ಇರೋರು ಮಕ್ಕಳಿಗೆ ಏನ್ ಹೇಳಿಕೊಡ್ತಾರೆ ಮೇಡಂ?" ಎಂದರು. ಟೀಚರ್ ವಾದಕ್ಕೆ ಇಳಿಯಲಿಲ್ಲ. "ಒಳಗೆ ಹೋಗುವ ಸರ್" ಎಂದರು.

ಐತಪ್ಪಣ್ಣ ಕ್ಯಾಂಡಲ್ ಹಚ್ಚಿ, ಬೆನ್ನು ಬಗ್ಗಿಸಿ ಮುಂದೆ ನಡೆದರು. ಹಿಂದೆ ಅಧಿಕಾರಿ, ಅವರ ಹಿಂದೆ ಟೀಚರ್. ನಾನು ಸುರಂಗದ ಬಾಯಿಯಲ್ಲೇ ನಿಂತೆ. (ನನ್ನ ಹೊಟ್ಟೆಗೆ ಆ ಸುರಂಗ ಸಾಲದು.) ಸ್ವಲ್ಪ ಹೊತ್ತಿಗೆ ಒಳಗಿನಿಂದ ಐತಪ್ಪಣ್ಣನ ಸ್ವರ ಕೇಳಿಸಿತು. "ಬೆಂಕಿ ಸಣ್ಣ ಆಯ್ತು. ಮುಂದೆ ಗಾಳಿ ಇಲ್ಲ. ತಿರುಗುವ."

ಮೂವರೂ ಹೊರಗೆ ಬಂದರು. ಪ್ಯಾಂಟಿನ ಇಸ್ತ್ರಿ ಕೆಸರಾಗಿತ್ತು.

"ಇನ್ನೊಂಚೂರು ಮುಂದೆ ಹೋಗಿದ್ರೆ ಏನಾಗ್ತಿತ್ತು?" ಎಂದು ಅಧಿಕಾರಿ ಕೇಳಿದರು.

"ನಿಮ್ಮನ್ನು ಎಳೆದು ತರ್ಬೇಕಿತ್ತು" ಎಂದರು ಐತಪ್ಪಣ್ಣ, ಎಲೆಗೆ ಸುಣ್ಣ ಹಚ್ಚುತ್ತ.

ಅಧಿಕಾರಿ ಅಲ್ಲೇ ಕಲ್ಲಿನ ಮೇಲೆ ಕೂತು ಪುಸ್ತಕ ಬಿಚ್ಚಿದರು. ಯಾವ ಮರವಿದ್ದರೆ ನೀರುಂಟು? ಮಣ್ಣಿನ ಬಣ್ಣ ಹೇಗಿರಬೇಕು? ಕೇಳಿದ್ದೇ ಕೇಳಿದ್ದು, ಬರೆದದ್ದೇ ಬರೆದದ್ದು. ಮಧ್ಯಾಹ್ನದ ಊಟವೂ ಮರೆತುಹೋಯಿತು.

ಕಳೆದ ವಾರ ಪತ್ರ ಬಂತು. ಅನುದಾನ ಮಂಜೂರು! ಐತಪ್ಪಣ್ಣನ ಪಾಠ ಈ ಶನಿವಾರದಿಂದಲೇ ಶುರು. ಒಂದು ಸುಳ್ಳು ಸಾಲಿಗೆ ಸಹಿ ಹಾಕದ ಈ ಟೀಚರ್ ಬಗ್ಗೆ ನನಗೆ ಎಷ್ಟು ಹೆಮ್ಮೆಯೋ, ನನ್ನ ಬಗ್ಗೆ ಅಷ್ಟೇ ನಾಚಿಕೆ. ಬಂಟ್ವಾಳ, ಬೆಳ್ತಂಗಡಿಯ ಎಷ್ಟೋ ಸಂಘಗಳಿಗೆ ನಾನು ಆ ಸಾಲನ್ನೇ ಟೈಪ್ ಮಾಡಿ ಕೊಟ್ಟಿದ್ದೇನೆ. ಹಣವೂ ಬಂದಿದೆ, ನನಗೆ ಶಾಲು ಹೊದೆಸಿದ್ದೂ ಉಂಟು.

ಆ ಒಂದೊಂದು ಶಾಲಿಗೂ ನಾನು ಎಷ್ಟು ಐತಪ್ಪಣ್ಣಂದಿರನ್ನು ದಡ್ಡರೆಂದು ಬರೆದಿದ್ದೇನೋ?