ಮಮದಾಪುರದ ನೀರು, ಮನೆಯ ಶಾಂಪೂ

ಯಾವ ಬಾಟಲಿಯ ಮುಚ್ಚಳ ತೆಗೆದರೂ ಮೊದಲು ಮೂಸಿ ನೋಡುವುದು ನನ್ನ ಹಳೆಯ ಚಟ. ಸೊಸೆ ತಂದಿಟ್ಟ ದುಬಾರಿ ಶಾಂಪೂ ಇರಲಿ, ನೆಲ ಒರೆಸುವ ನಿಂಬೆ ವಾಸನೆಯ ನೀರಿರಲಿ, ಮೂಗಿನ ಪರವಾನಗಿ ಸಿಗದೆ ಕೈ ಮುಂದುವರಿಯುವುದಿಲ್ಲ. "ಅಜ್ಜಿ, ಅದೇನ ಪಾಯಸ ಏನ?" ಎಂದು ಮೊಮ್ಮಗಳು ನಗುತ್ತಾಳೆ. ನಗಲಿ. ಒಂದು ಕಾಲಕ್ಕೆ ನಮ್ಮ ಮನೆಯ ಬಾಟಲಿಗಳಲ್ಲಿ ಏನಿದೆ ಎಂಬುದು ದೇವರಿಗೂ ನಮ್ಮವರಿಗೂ ಮಾತ್ರ ಗೊತ್ತಿತ್ತು. ಕೆಲವೊಮ್ಮೆ ದೇವರಿಗೆ ಮಾತ್ರ.

ನಮ್ಮವರೆಂದರೆ ನನ್ನ ಯಜಮಾನರು, ಆಗಿನ ವಿಜಾಪುರದ ಒಂದು ಹೈಸ್ಕೂಲಿನಲ್ಲಿ ಸೈನ್ಸ್ ಮಾಸ್ತರರು. ಎಪ್ಪತ್ತರ ದಶಕದ ನಡುವಿನ ವರ್ಷಗಳು. ಅಂಗಡಿಯಲ್ಲಿ ಇವತ್ತು ಸೋಪಿಲ್ಲ, ನಾಳೆ ವನಸ್ಪತಿ ಇಲ್ಲ. ಊರವರೆಲ್ಲ ಗೊಣಗುತ್ತ ಪಾಳಿ ಹಚ್ಚಿ ನಿಂತರು. ನಮ್ಮವರು ಮಾತ್ರ ಸ್ಟೇಷನ್ ರಸ್ತೆಯ ಅಂಗಡಿಯ ಪಾಳಿಯಿಂದ ಸೋಪಿನ ಬದಲು 'ಸ್ವಾವಲಂಬನೆ' ಎಂಬ ಶಬ್ದ ತೆಗೆದುಕೊಂಡು ಮನೆಗೆ ಬಂದರು. ಸೋಪಾಗಿದ್ದರೆ ವಾರದಲ್ಲಿ ಕರಗುತ್ತಿತ್ತು.

ಮೊದಲು ಪಾತ್ರೆ ತಿಕ್ಕುವ ಪುಡಿ ಬಂತು, ಇಟ್ಟಂಗಿ ಕುಟ್ಟಿ ಬೂದಿ ಬೆರೆಸಿದ್ದು. ತವರಿನ ತಾಟಿನ ಮೇಲೆ ಕೆತ್ತಿದ್ದ ನನ್ನ ಹೆಸರು ಅದರೊಂದಿಗೇ ತೊಳೆದುಹೋಯಿತು. ಆಮೇಲೆ ಫಿನಾಯಿಲ್. ಬೇವಿನೆಲೆಯ ಕಷಾಯ, ಸುಣ್ಣದ ತಿಳಿ, ಮೇಲಿಷ್ಟು ಚಿಮಣಿ ಎಣ್ಣೆ. ಬಂದ ನೆಂಟರು ಚಹಾಕ್ಕೂ ನಿಲ್ಲದೆ ಎದ್ದು ಹೋದರೆ ನಮ್ಮವರು, "ನೋಡು, ಸಕ್ಕರಿನೂ ಉಳೀತು" ಎಂದರು. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತ ನನಗೆ ಹೈಜೀನ್ ಎಂದರೆ ಬಿಳಿ ಟೈಲ್ಸು, ಲ್ಯಾವೆಂಡರ್ ವಾಸನೆ. ಇಲ್ಲಿ ಹೈಜೀನ್ ಎಂದರೆ ಕಣ್ಣಲ್ಲಿ ನೀರು.

ಇಷ್ಟನ್ನೆಲ್ಲ ಸಹಿಸಿದೆ. ಆದರೆ ಒಂದು ದಿನ ಅವರ ದೃಷ್ಟಿ ನನ್ನ ತಲೆಯ ಮೇಲೆ ಬಿತ್ತು.

ಕಾನ್ವೆಂಟಿನಲ್ಲಿ ನಮಗೆ ಡಿಪೋರ್ಟ್‌ಮೆಂಟ್ ಎಂಬ ಪಾಠವೇ ಇತ್ತು. ಸಿಸ್ಟರ್ ಫುಟ್‌ಪಟ್ಟಿ ಹಿಡಿದು ನಮ್ಮ ಬೈತಲೆ ನೇರ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದರು. ತಲೆ ಎತ್ತಿ ನಡೆಯಬೇಕು, ಕೂದಲು ಹೊಳೆಯಬೇಕು. ಮದುವೆಯಾಗಿ ಬಂದ ಮೇಲೆ ಪಿಯಾನೋ ಹೋಯಿತು, ಲೈಬ್ರರಿ ಹೋಯಿತು; ಇಂಗ್ಲಿಷು ಬಾಟಲಿಯ ಲೇಬಲ್ ಓದುವುದಕ್ಕೆ ಇಳಿಯಿತು. ಮನೆಯ ಬಾಟಲಿಗಳಿಗೆ ಲೇಬಲ್ಲೇ ಇಲ್ಲದಂತಾದಾಗ ಅದೂ ಹೋಯಿತು. ಉಳಿದದ್ದು ಈ ಉದ್ದ ಜಡೆಯೊಂದೇ. ಹೆರಳು ಕಾಣಲೆಂದೇ, ಅತ್ತೆ ಎಷ್ಟು ಸಲ ಹೇಳಿದರೂ ನಾನು ತಲೆಯ ಮೇಲೆ ಸೆರಗು ಹೊದ್ದವಳಲ್ಲ.

ಶಾಂಪೂ ಎಂಬ ಶಬ್ದ ಹುಟ್ಟಿದ್ದು ನಮ್ಮ ದೇಶದಲ್ಲೇ. ಹಿಂದಿಯಲ್ಲಿ 'ಚಾಂಪೋ' ಎಂದರೆ ಒತ್ತು, ತಿಕ್ಕು. ಆ ಶಬ್ದ ವಿಲಾಯತಿಗೆ ಹೋಗಿ ಬಾಟಲಿಯಲ್ಲಿ ಕೂತು ತಿರುಗಿ ಬಂತು. ಇದನ್ನು ನಾನೇ ಜಾಣತನ ತೋರಿಸಲು ಊಟದ ಹೊತ್ತಿಗೆ ಹೇಳಿದೆ. "ಅಂದರ ನಮ್ಮದ ಅಂದಂಗಾತು!" ಎಂದು ನಮ್ಮವರು ಎದ್ದರು. ಸೀಗೆಕಾಯಿ, ಅಂಟುವಾಳ ಕುದಿಸಿದರು. ಸರಿಯಾಗಿಯೇ ಇತ್ತು, ಅತ್ತೆ ಜೀವಮಾನವೆಲ್ಲ ತಲೆ ತೊಳೆದದ್ದು ಅದರಲ್ಲೇ. ಆದರೆ ಇವರಿಗೆ ಬಾಟಲಿಯ ಶಾಂಪೂವಿನಂತೆ ಬುರುಬುರು ನೊರೆ ಬೇಕು. ಕುಸುಬಿ ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ತಾವೇ ಕಾಸಿದ ಸೋಪನ್ನು ತುರಿದು ಅದಕ್ಕೆ ಸೇರಿಸಿದರು. ನಮ್ಮ ಓಣಿಯ ಬಾವಿಯ ಸವಳು ನೀರಿನಲ್ಲಿ ಅದು ನೊರೆ ಬಿಡಲಿಲ್ಲ, ಹಾಲಿನಂತೆ ಒಡೆಯಿತು. ತಪ್ಪು ಶಾಂಪೂವಿನದಲ್ಲ, ನೀರಿನದು ಎಂದು ತೀರ್ಮಾನವಾಯಿತು.

ಹಿಂದೆ ವಿಜಾಪುರವನ್ನಾಳಿದ ಬಾದಶಹರು ಈ ಊರಿಗೆ ನೀರು ತರಲು ನೆಲದೊಳಗೆ ಕಾಲುವೆ ಕಟ್ಟಿಸಿದರು. ನಮ್ಮವರು ಬಾದಶಹರ ಕಾಲದ ಮಮದಾಪುರದ ಕೆರೆಯಿಂದ ಹಾಲಿನ ಕ್ಯಾನಿನಲ್ಲಿ ನೀರು ತುಂಬಿಸಿ, ಬಬಲೇಶ್ವರದ ಮೂಲಕ ಬರುವ ಬಸ್ಸಿನ ನೆತ್ತಿಯ ಮೇಲೆ ತರಿಸಿದರು. ಮಳೆಯ ಮೆತ್ತನೆ ನೀರು, ನೊರೆ ಮೊಣಕೈವರೆಗೆ ಬಂತು. ಡ್ರೈವರನಿಗೆ ಕೈ ಮುಗಿದು, ಕಂಡಕ್ಟರನಿಗೆ ಎಲೆಅಡಿಕೆ ಕೊಟ್ಟು ನಡೆಸುವ ಈ ಸ್ವಾವಲಂಬನೆಯನ್ನು ಕಂಡು ನಾನು ಹಣೆ ಚಚ್ಚಿಕೊಂಡೆ. ಆದರೆ ಕೂದಲು ಹೊಳೆಯುತ್ತಿತ್ತು, ಬಾಯಿ ಮುಚ್ಚಿಕೊಂಡೆ.

ಅದೇ ದಿನಗಳಲ್ಲಿ ಊರಿನಲ್ಲಿ ಹೊಸ ಇಂಗ್ಲಿಷ್ ಮೀಡಿಯಮ್ ಶಾಲೆ ತೆರೆದು ಟೀಚರನ್ನು ಹುಡುಕುತ್ತಿದ್ದರು. ನನಗೆ ಇಂಟರ್‌ವ್ಯೂಗೆ ಕರೆ ಬಂತು. ಆ ನೌಕರಿ ನನಗೆ ಎಷ್ಟು ಬೇಕಾಗಿತ್ತೆಂದು ಇವತ್ತಿಗೂ ಹೇಳಲಾರೆ. ಅದು ತಪ್ಪಿದ್ದರೆ ಉಳಿದ ಆಯುಷ್ಯವೆಲ್ಲ ಇಟ್ಟಂಗಿ ಪುಡಿಯಲ್ಲಿ ಕಳೆಯುತ್ತಿತ್ತು. ಬೆಳಿಗ್ಗೆ ಎದ್ದವಳೇ ಕ್ಯಾನಿನ ನೀರು ಕಾಸಿ, ಶಾಂಪೂ ಸುರಿದುಕೊಂಡು ತಿಕ್ಕಿದೆ. ನೊರೆ ಇಲ್ಲ. ಇನ್ನಷ್ಟು ಸುರಿದೆ. ತಲೆಯ ತುಂಬ ಮೊಸರಿನ ಗಡ್ಡೆ! ಬಾಚುವ ಹಣಿಗೆ ಹಾಕಿದರೆ ಅದು ಅಲ್ಲೇ ನಿಂತುಕೊಂಡಿತು. ನನ್ನ ಕೂಗಿಗೆ ನಮ್ಮವರು ಓಡಿಬಂದರು.

"ಅವ್ವಾ, ಕ್ಯಾನಿನ್ಯಾಗಿನ ನೀರ ಎಲ್ಲಿ ಹೋತು?"

"ನಸುಕಿನ್ಯಾಗ ಬ್ಯಾಳಿಗಿ ಇಟ್ಟೀನಿ ಯಪ್ಪಾ," ಎಂದರು ಅತ್ತೆ ಅಡುಗೆಮನೆಯಿಂದ. "ಈ ಊರ ನೀರಾಗ ಬ್ಯಾಳಿ ಬೇಯಾಕ ಒಲ್ಲದು. ಇವತ್ತ ನೋಡು, ಬೆಣ್ಣಿ ಆದಂಗ ಆಗ್ಯಾವ. ಖಾಲಿ ಕ್ಯಾನ್ ಚಲೋ ಕಾಣಂಗಿಲ್ಲಂತ ಬಾವಿ ನೀರ ತುಂಬಿಟ್ಟೀನಿ."

"ಅದು ಶಾಂಪೂದ ನೀರ ಬೇ!"

"ಶಾಂಪೂ ತಿಂತಾರೇನಲೇ? ತಿನ್ನೂದು ಬ್ಯಾಳಿ."

ಅತ್ತೆಯ ತವರು ಕಾಖಂಡಕಿ; ಆ ಊರಿನ ಹೆಣ್ಣುಮಗಳ ಜೊತೆ ವಾದ ಮಾಡಿ ಗೆದ್ದವರಿಲ್ಲ. ನಮ್ಮವರು ನನ್ನ ಕಡೆ ತಿರುಗಿ, ತಲೆಯ ಮೇಲಿನ ಒಂದು ಗಡ್ಡೆಯನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು. "ಕ್ಯಾಲ್ಸಿಯಂ! ಎಷ್ಟ ಛಂದ ಕೂಡೇತಿ ನೋಡು. ನಮ್ಮ ಹುಡುಗರಿಗೆ ತೋರಸಬೇಕಿತ್ತು." ಕಾನ್ವೆಂಟಿನಲ್ಲಿ ಕಲಿಸದ ಒಂದು ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಗದ್ದಲ ಕೇಳಿ ಪಕ್ಕದ ಮನೆಯ ಖೈರುನ್ನಿಸಾ ಆಪಾ ಬಂದರು. ಬಟ್ಟೆ ಹೊಲಿಯುವ ಕೆಲಸ ಅವರದು. ಅಳತೆಯ ಟೇಪು ಕೊರಳಲ್ಲೇ ಇತ್ತು. ನನ್ನನ್ನು ನೋಡಿ ಮೊದಲು ಮನಸಾರೆ ನಕ್ಕರು.

"ಯಾ ಅಲ್ಲಾ! ಬಾಯಾರ, ಅಂಟಿನ ಉಂಡಿ ತಲಿ ಮ್ಯಾಲ ಕಟ್ಟೀರೇನು? ಅಳಬ್ಯಾಡ್ರಿ. ತಲಿ ತುಂಬ ಸೆರಗ ಹೊದ್ದಕೊಳ್ರಿ, ಒಳಗಿಂದು ಯಾರಿಗಿ ಗೊತ್ತಾಕ್ಕೈತಿ?"

"ಸೆರಗು ನಿಲ್ಲೂದಿಲ್ಲ ಆಪಾ, ಜಾರತದ."

"ನಾ ಪಿನ್ನ ಹಾಕ್ತೀನಿ ತಡೀರಿ. ಇನ್ನ ಗಾಳಿ ಬಂದ್ರೂ ಅಳ್ಳಾಡಂಗಿಲ್ಲ."

ಒದ್ದೆ ಕೂದಲನ್ನು ಗಂಟು ಕಟ್ಟಿ, ಮೇಲೆ ಸೆರಗೆಳೆದು, ಎರಡೂ ಬದಿಗೆ ಪಿನ್ನು ಚುಚ್ಚಿದರು. ಕುಸುಬಿ ಎಣ್ಣೆಯ ವಾಸನೆಗೆ ಕಿವಿಯ ಹಿಂದೆ ಅತ್ತರು ಸವರಿದರು. ಅತ್ತೆ ಬಾಗಿಲಲ್ಲಿ ನಿಂತು, "ಈಗ ನಮ್ಮನಿ ಸೊಸಿ ಕಂಡಂಗ ಕಂಡಿ ನೋಡವಾ" ಎಂದು ದೃಷ್ಟಿ ತೆಗೆದರು. ನಾನು ಹಲ್ಲು ಕಚ್ಚಿಕೊಂಡು ಟಾಂಗಾ ಹತ್ತಿದೆ.

ನನಗಿಂತ ಮೊದಲು ಒಳಗೆ ಹೋದವಳು ಪಟಪಟ ಇಂಗ್ಲಿಷ್ ಮಾತಾಡುತ್ತಿದ್ದದ್ದು ಹೊರಗೂ ಕೇಳುತ್ತಿತ್ತು. ಹೊರಬಂದಾಗ ಅವಳ ಬಿಚ್ಚುಗೂದಲು ಫ್ಯಾನಿನ ಗಾಳಿಗೆ ರೇಷ್ಮೆಯಂತೆ ಹಾರಿತು. ಎಲ್ಲ ಮುಗಿಯಿತು ಎಂದುಕೊಂಡೇ ಒಳಗೆ ಹೋದೆ. ತಲೆ ಅಲ್ಲಾಡಿಸಿದರೆ ಪಿನ್ನು ಚುಚ್ಚುತ್ತಿತ್ತು, ಹಾಗಾಗಿ ಕೊರಳು ನೆಟ್ಟಗಿಟ್ಟು ಕೇಳಿದ್ದಕ್ಕಷ್ಟೇ ಮೆಲ್ಲಗೆ ಉತ್ತರ ಕೊಟ್ಟೆ. ಕಮಿಟಿಯ ಹಿರಿಯರೊಬ್ಬರು, ತಿಕೋಟಾದ ವ್ಯಾಪಾರಿ, ಬಹಳ ಹೊತ್ತು ನನ್ನನ್ನೇ ನೋಡಿ ಪಕ್ಕದವರಿಗೆ ಹೇಳಿದರು:

"ಇಂಗ್ಲಿಷ್ ಕಲತಾರ, ಖರೆ ತಲಿ ಮ್ಯಾಲಿನ ಸೆರಗ ಬಿಟ್ಟಿಲ್ಲ ನೋಡ್ರಿ. ಇಂಥವರಿದ್ರ ನಮ್ಮ ಮಂದಿ ಹೆಣ್ಣುಮಕ್ಕಳನ್ನ ಸಾಲಿಗಿ ಕಳಸಾಕ ಹಿಂದ ಮುಂದ ನೋಡಂಗಿಲ್ಲ."

ನನ್ನ ತಲೆಯ ಮೇಲಿರುವ ಸಂಸ್ಕಾರದ ಕೆಳಗೆ ಏನಿದೆ ಎಂದು ನಾನು ಹೇಳಲಿಲ್ಲ. ನೌಕರಿ ಸಿಕ್ಕಿತು.

ಮೊದಲ ಸಂಬಳದಲ್ಲಿ ಅಂಗಡಿಯ ಶಾಂಪೂ ಕೊಂಡೆ, ಲೇಬಲ್ ಇದ್ದದ್ದು. ಕೂದಲು ಮತ್ತೆ ಹೊಳೆಯಿತು. ಯಾರು ನೋಡಬೇಕು? ಸೆರಗು ನೋಡಿ ನೌಕರಿಗೆ ತೆಗೆದುಕೊಂಡವರ ಮುಂದೆ ಸೆರಗು ಇಳಿಸುವುದು ಹೇಗೆ? ರಿಟೈರಾಗುವವರೆಗೆ ಆ ಕೂದಲು ಸೆರಗಿನೊಳಗೇ ಹೊಳೆದು, ಒಳಗೇ ಬೆಳ್ಳಗಾಯಿತು.

ಇದಕ್ಕಿಂತ ಉರಿಸಿದ್ದು ನಮ್ಮವರ ಮಾತು. "ನಮ್ಮ ಮನಿ ಶಾಂಪೂದಿಂದ ಈಕಿಗೆ ನೌಕರಿ ಸಿಕ್ತು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅತ್ತೆ, "ಸೆರಗಿನಿಂದ" ಎನ್ನುತ್ತಿದ್ದರು. ಖೈರುನ್ನಿಸಾ ಆಪಾ ತಮ್ಮ ಪಿನ್ನು ಕೇಳುತ್ತಿದ್ದರು. ನನ್ನ ಇಂಗ್ಲಿಷಿನ ಹೆಸರನ್ನು ಯಾರೂ ಎತ್ತಲಿಲ್ಲ. ಸ್ವಂತ ಕಾಲ ಮೇಲೆ ನಿಲ್ಲಲು ಹೊರಟವಳನ್ನು ಎತ್ತಿ ನಿಲ್ಲಿಸಲು ಒಂದು ಕೆರೆ, ಒಂದು ಬಸ್ಸು, ಇಡೀ ಒಂದು ಓಣಿ ಬೇಕಾಯಿತಲ್ಲ ಎಂದು ಸಿಟ್ಟು ಬರುತ್ತಿತ್ತು.

ನಮ್ಮವರಿಗೆ ಕೊಡಬೇಕಾದ ಉತ್ತರ ಈಚೆಗೆ, ಅವರು ಹೋಗಿ ಎಷ್ಟೋ ಕಾಲವಾದ ಮೇಲೆ, ಮೊಮ್ಮಗಳ ಬಾಟಲಿ ಮೂಸುತ್ತಿರುವಾಗ ಹೊಳೆಯಿತು. ನೌಕರಿ ಕೊಡಿಸಿದ್ದು ಶಾಂಪೂ ಅಲ್ಲ, ಬೇಳೆ. ಅತ್ತೆ ಆ ನೀರನ್ನು ಬೇಳೆಗೆ ಇಡದಿದ್ದರೆ ನಾನೂ ಬಿಚ್ಚುಗೂದಲು ಹಾರಿಸುತ್ತ ಹೋಗಿ, ಹಾಗೇ ಹಾರಿಸುತ್ತ ಮನೆಗೆ ಬರುತ್ತಿದ್ದೆ. ಅಂಥ ಮೆತ್ತನೆಯ ಬೇಳೆಯನ್ನು ಆ ದಿನ ನಾನು ಸಿಟ್ಟಿನಲ್ಲಿ ಉಣ್ಣದೆ ಬಿಟ್ಟೆ.