ನಾವು ಮಿಶ್ರಿ ತಿಕ್ಕುವವರು

ಮೊದಲು ಗೊತ್ತಾದದ್ದು ಖಾರದಿಂದ.

ಶಾಲೆಯಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿ, ಜೋಳದ ರೊಟ್ಟಿಗೆ ಕೆಂಪು ಖಾರ ಹಚ್ಚಿ ಬಾಯಿಗಿಟ್ಟೆ. ಎಡಗೆನ್ನೆಯ ಒಳಗೆ ಕೆಂಡ ಇಟ್ಟಂತಾಯಿತು. ಕಣ್ಣಲ್ಲಿ ನೀರು. ಪಕ್ಕದಲ್ಲಿ ಕೂತಿದ್ದ ಹಿರಿಯ ಟೀಚರ್ ನಕ್ಕುಬಿಟ್ಟರು. "ಏನ್ ಟೀಚರ್, ಈ ಸೀಮಿಯಾಗ ಹುಟ್ಟಿ ಖಾರಕ್ಕ ಅಳಾಕತ್ತೀರಲ್ಲ!" ನಾನೂ ನಕ್ಕೆ. ಡಬ್ಬಿ ಅರ್ಧಕ್ಕೇ ಮುಚ್ಚಿದೆ.

ನಾನು ಶಹಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಗಂಡ ಮರೆಪ್ಪ ಭೀಮರಾಯನಗುಡಿಯ ನೀರಾವರಿ ಆಫೀಸಿನಲ್ಲಿ ಗುಮಾಸ್ತ. ಅಲ್ಲಿಯ ಕ್ಯಾಂಪಿನ ಕ್ವಾರ್ಟರ್ಸಿನಲ್ಲೇ ನಮ್ಮ ಮನೆ. ಅತ್ತೆ ಭಾಗಮ್ಮ ಮತ್ತು ಹನ್ನೊಂದು ವರ್ಷದ ಮಗಳು ಸುಜಾತಾ ಸೇರಿ ನಾವು ನಾಲ್ಕು ಜನ. ನನಗೆ ನಲವತ್ತೊಂದು. ಅಲ್ಲಿಯವರೆಗೆ ಹೆರಿಗೆಗೆ ಬಿಟ್ಟರೆ ಆಸ್ಪತ್ರೆಯ ಮಂಚ ಕಂಡವಳಲ್ಲ, ಮತ್ತು ಆ ವಿಷಯದಲ್ಲಿ ಸ್ವಲ್ಪ ಜಂಬವೂ ಇತ್ತು.

ನಮ್ಮ ಕಡೆಯ ಹೆಂಗಸರ ಮಿಶ್ರಿಯ ಬಗ್ಗೆ ಇಲ್ಲಿ ಹೇಳಲೇಬೇಕು. ಹಂಚಿನ ಮೇಲೆ ಕರ್ರಗೆ ಹುರಿದು, ನುಣ್ಣಗೆ ಪುಡಿಮಾಡಿ, ಪುಟ್ಟ ಡಬ್ಬಿಯಲ್ಲಿ ತುಂಬಿಡುವ ಹಲ್ಲುಪುಡಿ ಅದು. ಬೆಳಿಗ್ಗೆ ಎದ್ದಾಗ ಒಮ್ಮೆ, ಸಂಜೆ ಕೆಲಸ ಮುಗಿದಾಗ ಒಮ್ಮೆ ತೋರುಬೆರಳಿನಿಂದ ತಿಕ್ಕುತ್ತೇವೆ. ನನಗೆ ಹದಿಮೂರನೇ ವಯಸ್ಸಿನಲ್ಲಿ ಹಲ್ಲು ನೋವು ಬಂದಾಗ ಹತ್ತಿಕುಣಿಯ ತವರಿನಲ್ಲಿ ಅವ್ವ ಹಚ್ಚಿದ್ದಳು. ಅಂದಿನಿಂದ ಬಿಟ್ಟಿಲ್ಲ. ಸಂಜೆ ನಮ್ಮ ಸಾಲಿನ ಹೆಂಗಸರೆಲ್ಲ ಮೆಟ್ಟಿಲ ಮೇಲೆ ಕೂತು, ಬಾಯಲ್ಲಿ ಬೆರಳಿಟ್ಟುಕೊಂಡು, ಎಂಜಲು ಚೆಲ್ಲದಂತೆ ಗದ್ದ ಮೇಲೆತ್ತಿ ಮಾತಾಡುತ್ತೇವೆ. ಹಲ್ಲು ತಿಕ್ಕುತ್ತಿರುವ ಹೆಂಗಸನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ದಿನದಲ್ಲಿ ನಮಗೆ ಸಿಗುವ ಬಿಡುವು ಅಷ್ಟೇ. ಗುಟ್ಕಾ ಜಗಿದು ಗೋಡೆಗೆ ಉಗುಳುವ ಗಂಡಸರನ್ನು ಬೈಯುವುದೂ ಆ ಮೆಟ್ಟಿಲ ಮೇಲೆಯೇ.

ಉರಿ ಹದಿನೈದು ದಿನವಾದರೂ ಇಳಿಯಲಿಲ್ಲ. ಶಹಾಪುರದ ಒಂದು ಡೆಂಟಲ್ ಕ್ಲಿನಿಕ್ಕಿಗೆ ಹೋದೆ. ದಕ್ಷಿಣದ ಕಡೆಯಿಂದ ಹೊಸದಾಗಿ ಬಂದ ಎಳೆಯ ಡಾಕ್ಟರು. ಬಾಯಿ ನೋಡುವ ಮುಂಚೆ ಫೈಲಿನಲ್ಲಿ ಬರೆದುಕೊಳ್ಳುತ್ತಾ ಕೇಳಿದರು.

"ಗುಟ್ಕಾ, ತಂಬಾಕು, ಎಲೆ ಅಡಿಕೆ ಏನಾದರೂ ತಿಂತೀರಾ?"

"ಇಲ್ರಿ."

"ಒಂದೂ ಇಲ್ವಾ?"

"ನಾ ಟೀಚರ್ ಅದೀನ್ರಿ," ಎಂದೆ. ಧ್ವನಿ ಸ್ವಲ್ಪ ಬಿರುಸಾಗಿಯೇ ಇತ್ತು.

ನಾನು ಸುಳ್ಳು ಹೇಳಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೇ ಸಾಲದು. ತಂಬಾಕು ತಿನ್ನುವುದು ಬೇರೆ, ಮಿಶ್ರಿ ತಿಕ್ಕುವುದು ಬೇರೆ. ಒಂದು ಚಟ, ಇನ್ನೊಂದು ಹಲ್ಲಿನ ಔಷಧ. ನನ್ನ ತಲೆಯಲ್ಲಿ ಇವೆರಡೂ ಒಂದೇ ಕೋಣೆಯಲ್ಲಿ ಕೂತಿರಲೇ ಇಲ್ಲ.

ಅವರು ನನ್ನ ಮಾತು ನಂಬಿದರು. ಚೂಪಾದ ದವಡೆ ಹಲ್ಲು ಕೆನ್ನೆಗೆ ತಾಗುತ್ತಿರಬಹುದು ಎಂದು ಅದರ ಅಂಚು ಸವರಿ, ಹಚ್ಚಲು ಜೆಲ್ ಬರೆದು, ಎರಡು ವಾರ ಬಿಟ್ಟು ತಪ್ಪದೆ ಬರಲು ಹೇಳಿದರು. ನಾನು ಹೋಗಲಿಲ್ಲ. ಪರೀಕ್ಷೆ ಬಂತು, ಪೇಪರು ತಿದ್ದುವುದು ಬಂತು. ಅಲ್ಲದೆ ಜೆಲ್‌ಗಿಂತ ಒಳ್ಳೆಯ ಉಪಾಯ ನನ್ನ ಕೈಯಲ್ಲೇ ಇತ್ತು. ಮಿಶ್ರಿ ಹಚ್ಚಿದರೆ ಎರಡೇ ನಿಮಿಷಕ್ಕೆ ಕೆನ್ನೆ ಮರಗಟ್ಟಿ ಉರಿ ನಿಲ್ಲುತ್ತಿತ್ತು. ದಿನಕ್ಕೆ ಎರಡಿದ್ದದ್ದು ನಾಲ್ಕಾಯಿತು. ಉರಿಯುವ ಜಾಗಕ್ಕೇ ಒತ್ತಿ ಒತ್ತಿ ಹಚ್ಚಿದೆ.

ಎರಡು ತಿಂಗಳಾದ ಮೇಲೆ ಒಂದು ದಿನ ನಾಲಿಗೆಗೆ ಆ ಜಾಗ ಸುಣ್ಣ ಎದ್ದ ಗೋಡೆಯಂತೆ ತಗುಲಿತು. ಮರೆಪ್ಪನಿಗೆ ಮೊಬೈಲ್ ಬೆಳಕು ಹಿಡಿಯಲು ಹೇಳಿ ಬಾಯಿ ತೆರೆದೆ. ಬಾಯಿ ಪೂರ್ತಿ ತೆರೆಯಲಿಲ್ಲ. ನನ್ನ ಗಂಡ ಯಾವುದಕ್ಕೂ ತಮಾಷೆ ಮಾಡುವ ಮನುಷ್ಯ. ನಾನು ಬಾಯಿ ತೆರೆದೆನೆಂದರೆ ನಗಲು ಏನಾದರೂ ಸಿಗುವುದು ಗ್ಯಾರಂಟಿ ಎಂದು ಕಾಯುತ್ತಿರುತ್ತಾನೆ.

ಅವತ್ತು ತಮಾಷೆ ಮಾಡಲಿಲ್ಲ.

"ಬೆಳ್ಳಗ ಅದ. ನಡುವ ಕೆಂಪಗ ಅದ," ಎಂದ. "ನಾಳೆ ಯಾದಗಿರಿಗಿ ಹೋಗು."

ಅವನಿಗೆ ರಜೆ ಸಿಗಲಿಲ್ಲ. ಅತ್ತೆ ಹಟ ಹಿಡಿದು ನನ್ನ ಜೊತೆ ಬಸ್ಸು ಹತ್ತಿದರು. ಯಾದಗಿರಿಯ ಆಸ್ಪತ್ರೆಯಲ್ಲಿದ್ದವರು ನಮ್ಮ ಸೀಮೆಯ ಮಾತಾಡುವ, ವಯಸ್ಸಾದ ಡಾಕ್ಟರಮ್ಮ. ಶಹಾಪುರದ ಫೈಲು ಓದಿದರು. ಲೈಟು ಹಾಕಿ ಕೆನ್ನೆ ನೋಡಿದರು, ಪುಟ್ಟ ಸ್ಕೇಲಿಟ್ಟು ಅಳೆದರು. ಮತ್ತೆ ಫೈಲು ನೋಡಿದರು. ಆಮೇಲೆ ಬೇರೆಯೇ ಒಂದು ಪ್ರಶ್ನೆ ಕೇಳಿದರು.

"ಹಲ್ಲು ಎದರಿಂದ ತಿಕ್ಕೋತೀರಿ?"

"ಮಿಶ್ರಿಲಿಂದ್ರಿ. ದಿನಾ ನಾಕ ಸಲ." ಪಾಠ ಒಪ್ಪಿಸುವ ಜಾಣ ಹುಡುಗಿಯ ಹಾಗೆ ಹೇಳಿದೆ.

"ಮಿಶ್ರಿ ಎದರಿಂದ ಮಾಡ್ತಾರ?"

ನಾನು ಬಾಯಿ ಬಿಡುವ ಮುಂಚೆ, ಬಾಗಿಲಲ್ಲಿ ನಿಂತಿದ್ದ ಅತ್ತೆ ಮುಂದೆ ಬಂದರು. ಅವರ ಕೈಯ ಮಿಶ್ರಿಗೆ ಇಡೀ ಕ್ಯಾಂಪಿನಲ್ಲಿ ಹೆಸರು. "ನಾನಽ ಮಾಡ್ತೀನ್ರಿ ಮನ್ಯಾಗ. ಚಲೋ ತಂಬಾಕ ತಂದು, ಕಡ್ಡಿ ತಗದು, ಹಂಚಿನ ಮ್ಯಾಲ..." ಅಲ್ಲಿಗೆ ಅವರೇ ನಿಂತರು.

ತಂಬಾಕು.

ಇಪ್ಪತ್ತೆಂಟು ವರ್ಷ ಅದು ನನ್ನ ಬಾಯಲ್ಲಿತ್ತು. ಹುರಿಯುವುದನ್ನು ನೋಡಿದ್ದೇನೆ, ಎಷ್ಟೋ ಸಲ ನಾನೇ ಹುರಿದಿದ್ದೇನೆ. ಆದರೂ ಆ ಹೆಸರಿನಿಂದ ಅದನ್ನು ಒಮ್ಮೆಯೂ ಕರೆದಿರಲಿಲ್ಲ. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

"ನಮ್ಮ ಹೆಣ್ಮಕ್ಕಳು ಹಿಂಗಽ ಹೇಳ್ತಾರ್ರಿ. ನಾವೂ ಬರೋಬರ್ ಕೇಳಬೇಕು. ಇವತ್ತಿಗಿ ಅದು ಬಂದ್," ಎಂದರು.

"ಕ್ಯಾನ್ಸರ್ ಏನ್ರಿ?"

"ಬಯಾಪ್ಸಿ ಮಾಡೂಣು. ರಿಪೋರ್ಟ್ ಬರೂತನ ನಾನೂ ಹೇಳಂಗಿಲ್ಲ, ನೀವೂ ಅನಕೋಬ್ಯಾಡ್ರಿ. ಹತ್ತು ದಿನ."

ಕೆನ್ನೆಗೆ ಇಂಜೆಕ್ಷನ್ ಕೊಟ್ಟು, ಅಕ್ಕಿಕಾಳಿನಷ್ಟು ತುಂಡು ತೆಗೆದು, ಒಂದು ಹೊಲಿಗೆ ಹಾಕಿದರು. ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಮಿಶ್ರಿ ಬಿಟ್ಟ ಮೊದಲ ದಿನಗಳನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಬೆಳಿಗ್ಗೆ ಹೊಟ್ಟೆ ಕಟ್ಟಿಕೊಂಡಿತು. ಅದು ಬಾಯಿಗೆ ಹೋಗದೆ ಹೊರಕಡೆಗೇ ಆಗುತ್ತಿರಲಿಲ್ಲ. ತಲೆ ಸಿಡಿಯುತ್ತಿತ್ತು. ತರಗತಿಯಲ್ಲಿ ಸಣ್ಣ ಗದ್ದಲಕ್ಕೂ ಕಿರುಚಿದೆ. ಒಂದು ದಿನ ಮಕ್ಕಳಿಗೆ ಬೆನ್ನು ಮಾಡಿ, ಬೋರ್ಡು ಒರೆಸುತ್ತಲೇ ಕಣ್ಣೀರು ಹಾಕಿದೆ. ಒರೆಸಲು ಬೋರ್ಡಿನ ಮೇಲೆ ಏನೂ ಉಳಿದಿರಲಿಲ್ಲ. ಇಷ್ಟು ದಿನ ಅದನ್ನು ಔಷಧವೆಂದು ಕರೆದಿದ್ದೆ. ಬಿಟ್ಟ ಮೇಲೆ ಮೈ ಇಷ್ಟು ರಂಪ ಮಾಡುವುದು ಚಟಕ್ಕಲ್ಲದೆ ಇನ್ನಾವುದಕ್ಕೆ?

ಅತ್ತೆ ಬಿಡಲಿಲ್ಲ. "ನಮ್ಮವ್ವ ತಿಕ್ಕಿದಳು. ನಾ ಐವತ್ತ ವರ್ಷ ತಿಕ್ಕೇನಿ. ನನಗೇನಾಗ್ಯಾದ?" ಎಂದು ಜಗಳಕ್ಕೇ ನಿಂತರು. ಅವರ ಬಾಯಲ್ಲಿ ಉಳಿದಿದ್ದದ್ದು ಎರಡು ಹಲ್ಲು, ಅದರಲ್ಲೂ ಒಂದು ಅಲುಗಾಡುತ್ತಿತ್ತು. ಹಲ್ಲಿನ ಔಷಧವನ್ನು ಅವರು ಹೊಗಳುವುದು ಕೇಳಿ ಮರೆಪ್ಪ ಗೋಡೆಯ ಕಡೆ ತಿರುಗಿ ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದ.

ಆರನೆಯ ದಿನ ಭಾನುವಾರ. ಸುಜಾತಾ ಬಚ್ಚಲಿಗೆ ಹೋಗಿ ಬಹಳ ಹೊತ್ತಾಗಿತ್ತು. "ಜಲ್ದಿ ಬಾ," ಎನ್ನುತ್ತಾ ಬಾಗಿಲು ನೂಕಿದೆ.

ಬಾಯಲ್ಲಿ ಬೆರಳಿತ್ತು. ಬೆರಳು ಕಪ್ಪಗಿತ್ತು.

ಬದಿಯಲ್ಲಿ ಅತ್ತೆಯ ಡಬ್ಬಿ. ಅಡುಗೆಮನೆಯಲ್ಲಿದ್ದ ಅತ್ತೆಗೆ ಕೇಳಲಿ ಎಂದೇ ಕೂಗಿ ಕೇಳಿದೆ. "ಯಾವಾಗಿಂದ ಹಚ್ಚಾಕತ್ತಿ?"

"ದವಡಿ ಹಲ್ಲು ನೂಸಾಕತ್ತಿತ್ತಲ್ಲ, ಅವಾಗಿಂದ."

"ಯಾರ ಹಚ್ಚಿದರು ಮೊದಲ?"

ಅವಳು ನನ್ನ ಮುಖ ನೋಡಿದಳು. "ನೀನಽ ಅವ್ವಾ."

ನೆನಪಾಯಿತು. ಹೋದ ಚಳಿಗಾಲ. ಶಾಲೆಗೆ ಹೊತ್ತಾಗಿತ್ತು, ನನ್ನ ಬಸ್ಸು ಬರುವ ಸಮಯ. ಇವಳು ಗಲ್ಲ ಹಿಡಿದುಕೊಂಡು ಅಳುತ್ತಿದ್ದಳು. ನನ್ನ ಡಬ್ಬಿಯಿಂದ ಚಿಟಿಕೆ ತೆಗೆದು ನಾನೇ ಹಲ್ಲಿಗೆ ಒತ್ತಿದ್ದೆ. "ಹಾಲ ಹಲ್ಲು, ಬಿದ್ದ ಹೋಗ್ತದ. ಅಲ್ಲೀತನ ನೋವಾದಾಗ ಇದನ್ನ ಹಚ್ಕೊ," ಎಂದು ಹೇಳಿ ಬಸ್ಸಿಗೆ ಓಡಿದ್ದೆ. ಆಮೇಲೆ ಅವಳು ಹಲ್ಲು ನೋವೆಂದು ಹೇಳಲೇ ಇಲ್ಲ. ವಾಸಿಯಾಗಿದೆ ಎಂದುಕೊಂಡೆ. ಹೇಳಿದ್ದನ್ನು ಹೇಳಿದಂತೆ ಪಾಲಿಸುವ ಮಗು ಅವಳು, ಅದು ನಮ್ಮ ಪುಣ್ಯ ಎಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆ.

ಉಳಿದ ನಾಲ್ಕು ದಿನ ನನ್ನ ರಿಪೋರ್ಟಿನ ಭಯ ಎಲ್ಲೋ ಹಿಂದೆ ಸರಿಯಿತು. ನಮ್ಮ ಮನೆಯಲ್ಲಿ ಬುದ್ಧನ ಫೋಟೋ ಇದೆ. ಬೇಡಿಕೊಳ್ಳುವ ರೂಢಿ ನಮ್ಮಲ್ಲಿಲ್ಲ, ಅವನೂ ಕೊಡುತ್ತೇನೆಂದವನಲ್ಲ. ಆದರೂ ಅದರ ಮುಂದೆ ಕೂತು ಬೇಡಿಕೊಂಡೆ. ನನ್ನ ಬಾಯಿಗೆ ಏನಾದರೂ ಆಗಲಿ, ಅವಳ ಬಾಯಿಗೆ ಬೇಡ.

ಹತ್ತನೆಯ ದಿನ ಅವಳನ್ನೂ ಕರೆದುಕೊಂಡು ಹೋದೆ. ಈ ಸಲ ಮರೆಪ್ಪನೂ ಬಂದ. ಡಾಕ್ಟರಮ್ಮ ರಿಪೋರ್ಟನ್ನು ಎರಡು ಸಲ ಓದಿದರು.

"ಡಿಸ್ಪ್ಲೇಸಿಯಾ ಅಂತ ಬಂದದ. ಕ್ಯಾನ್ಸರ್ ಅಲ್ರಿ. ಆದ್ರ ಅದರ ಹಾದಿ ಹಿಡದಿತ್ತು. ಆ ಜಾಗ ತಗದ ಬಿಡೂಣು. ಮೂರ ಮೂರ ತಿಂಗಳಿಗಿ ಬಂದು ತೋರಸಬೇಕು."

ಮರೆಪ್ಪ ಕಣ್ಣೊರೆಸಿಕೊಂಡ. ನನಗೆ ಅಳಲೂ ಪುರುಸೊತ್ತಿರಲಿಲ್ಲ. ಸುಜಾತಾಳ ಭುಜ ಹಿಡಿದು ಮುಂದೆ ನೂಕಿದೆ. "ಈಕಿನ್ನ ನೋಡ್ರಿ. ಹಾಲ ಹಲ್ಲು ನೂಸ್ತದಂತ ಈಕೀಗೂ ನಾನಽ ಹಚ್ಚೀನಿ."

ಅವಳನ್ನು ಕುರ್ಚಿಯಲ್ಲಿ ಮಲಗಿಸಿ ಎರಡೂ ಕೆನ್ನೆಯ ಒಳಗೆ, ತುಟಿಯ ಒಳಗೆ, ನಾಲಿಗೆಯ ಕೆಳಗೆ ನಿಧಾನವಾಗಿ ಬೆರಳಾಡಿಸಿ ನೋಡಿದರು. ನಾನು ಕಾದ ಹತ್ತು ದಿನಕ್ಕಿಂತ ಆ ಎರಡು ನಿಮಿಷ ದೊಡ್ಡದಾಗಿತ್ತು.

"ಗಲ್ಲ ಚಲೋ ಅದ."

ಆದರೆ ಅವರು ಇನ್ನೂ ನೋಡುತ್ತಿದ್ದರು. ಹುಳುಕಾದ ಹಲ್ಲಿಗೆ ಸಲಾಕೆ ತಾಗಿಸಿದಾಗ ಸುಜಾತಾ ಕುರ್ಚಿಯಿಂದ ಅರ್ಧ ಎದ್ದಳು. "ಇದು ಹಾಲ ಹಲ್ಲಲ್ರಿ ಟೀಚರ್. ಆರ ವರ್ಷಕ್ಕ ಹಿಂದಗಡಿ ಬರೂ ದವಡಿ ಹಲ್ಲು. ಯಾವುದೂ ಬೀಳದಽ ಬರ್ತದ, ಅದಕ್ಕ ಮನ್ಯಾಗ ಗೊತ್ತಾಗಂಗಿಲ್ಲ. ಇದು ಹೋದ್ರ ಮತ್ತ ಬರಂಗಿಲ್ಲ. ಮಿಶ್ರಿ ನೋವು ಮುಚ್ಚಿ ಇಟ್ಟದ, ಹುಳುಕು ಒಳಗ ಬೆಳದದ."

ಹಾಲು ಹಲ್ಲು, ಶಾಶ್ವತ ಹಲ್ಲು ನಾನೇ ಕಲಿಸುವ ಪಾಠ. ದವಡೆಯ ಚಿತ್ರವನ್ನು ಪುಸ್ತಕ ನೋಡದೆ ಬೋರ್ಡಿನ ಮೇಲೆ ಬರೆಯಬಲ್ಲೆ. ನನ್ನ ಮಗಳ ಬಾಯಿ ತೆರೆಸಿ ಒಮ್ಮೆಯೂ ನೋಡಿರಲಿಲ್ಲ.

ನನ್ನ ಕೆನ್ನೆಯ ಜಾಗ ತೆಗೆದರು. ಒಂದು ವಾರ ಗಂಜಿ. ಸುಜಾತಾಳ ಹಲ್ಲಿಗೆ ಮೂರು ಸಲ ಹೋಗಿ ರೂಟ್ ಕೆನಾಲ್ ಮಾಡಿಸಿದೆವು, ಹಲ್ಲು ಉಳಿಯಿತು. ಉಳಿದ ದವಡೆ ಹಲ್ಲುಗಳ ಗೀರುಗಳಿಗೆ ಹುಳುಕು ಹಿಡಿಯದಂತೆ ಸೀಲೆಂಟ್ ಹಾಕಿದರು. ಒಂದು ಚೂರೂ ನೋವಿಲ್ಲದ ಕೆಲಸ. ಇಷ್ಟು ಸುಲಭದ್ದನ್ನು ಆರು ವರ್ಷಕ್ಕೇ ಮಾಡಿಸಬಹುದಿತ್ತು ಎಂದು ತಿಳಿದು ಹೊಟ್ಟೆ ಉರಿಯಿತು. ಈಗ ರಾತ್ರಿ ಊಟವಾದ ಮೇಲೆ ಮೂವರೂ ಬ್ರಷ್ ಹಿಡಿದು ಹಿತ್ತಲಲ್ಲಿ ನಿಲ್ಲುತ್ತೇವೆ. ಅತ್ತೆ ಮಾತ್ರ ಮಿಶ್ರಿ ಬಿಟ್ಟಿಲ್ಲ. ಆದರೆ ಡಬ್ಬಿ ನಮ್ಮ ಮನೆಯಲ್ಲಿ ಇಡುವುದಿಲ್ಲ, ಪಕ್ಕದ ಮನೆಯಲ್ಲಿ ಇಟ್ಟಿದ್ದಾರೆ. ಅದನ್ನು ನಾನು ಹೇಳಲಿಲ್ಲ, ಅವರೇ ಮಾಡಿದರು. ಅವರಿಗೆ ಅದೆಷ್ಟು ಕಷ್ಟವಾಗಿರಬೇಕೆಂದು ನನಗೆ ಗೊತ್ತು.

ಮೊದಲ ಮೂರು ತಿಂಗಳ ತಪಾಸಣೆ ಆಯಿತು. ಕೆನ್ನೆ ಸ್ವಚ್ಛವಾಗಿದೆಯಂತೆ. ಮುಂದಿನದು ಮುಂದೆ. ನಮ್ಮಿಬ್ಬರದೂ ಮುಗಿದಂತಾಯಿತು ಎಂದುಕೊಂಡಿದ್ದೆ.

ಹೋದ ಭಾನುವಾರ ಮಧ್ಯಾಹ್ನ ಪಕ್ಕದ ಮನೆಯಲ್ಲಿ ತಂಬಾಕು ಹುರಿಯುತ್ತಿದ್ದರು. ವಾಸನೆ ಕಿಟಕಿಯಿಂದ ಒಳಗೆ ಬಂತು. ಬಾಯಲ್ಲಿ ತಾನಾಗಿಯೇ ನೀರೂರಿತು. ಕಿಟಕಿ ಮುಚ್ಚಿ, ಸರಳು ಹಿಡಿದು ನಿಂತೆ. ನೆಲದ ಮೇಲೆ ಕೂತು ಲೆಕ್ಕ ಮಾಡುತ್ತಿದ್ದ ಸುಜಾತಾ ಪೆನ್ಸಿಲ್ ಕೆಳಗಿಟ್ಟಳು.

"ಅವ್ವಾ, ಯಾರಿಗೂ ಹೇಳಬ್ಯಾಡ."

"ಏನು?"

"ನಂಗ ಅದು ಬೇಕನಸ್ತದ."

ಹನ್ನೊಂದು ವರ್ಷ. ಹಲ್ಲು ಉಳಿಯಿತೆಂದು ನಾನು ನೆಮ್ಮದಿಯಾಗಿದ್ದ ಮೂರು ತಿಂಗಳೂ ಇವಳು ಒಬ್ಬಳೇ ಇದನ್ನು ನುಂಗಿಕೊಂಡಿದ್ದಳು. ನಾನು ಟೀಚರು, ಬೈಗುಳಕ್ಕೇನು ನನ್ನಲ್ಲಿ ಬರವಿಲ್ಲ. ಆದರೆ ಕಿಟಕಿಯ ಸರಳು ಬಿಟ್ಟು, ಗೋಡೆಗೆ ಒರಗಿ ನೆಲದ ಮೇಲೆ ಕೂತೆ.

"ನಂಗೂ," ಎಂದೆ.

"ಈಗೂ?"

"ಈಗೂ."

ಅವಳ ಮುಖ ಸಡಿಲವಾಯಿತು. ಸರಿದು ಬಂದು ನನ್ನ ಪಕ್ಕಕ್ಕೆ ಕೂತಳು. "ಎಷ್ಟೊತ್ತು ಇರ್ತದ ಅವ್ವಾ?"

"ಹತ್ತ ನಿಮಿಷ. ಆಮ್ಯಾಲ ಹೋಗ್ತದ."

"ಮತ್ತ ಬರ್ತದ?"

"ಬರ್ತದ. ಬಂದಾಗ ನನ್ನ ಕರಿ. ನಾನೂ ನಿನ್ನ ಕರೀತೀನಿ."

ಅವಳ ತೋರುಬೆರಳನ್ನು ನನ್ನ ಮುಷ್ಟಿಯಲ್ಲಿ ಹಿಡಿದುಕೊಂಡೆ. ಇಬ್ಬರೂ ಗೋಡೆಯ ಗಡಿಯಾರ ನೋಡುತ್ತಾ ಕೂತೆವು. ಹತ್ತು ಎಂದಿದ್ದೆ, ಹದಿನೈದು ನಿಮಿಷ ಹಿಡಿಯಿತು. ಆಮೇಲೆ ಅವಳು ಬೆರಳು ಬಿಡಿಸಿಕೊಂಡು, ಪೆನ್ಸಿಲ್ ಎತ್ತಿಕೊಂಡಳು.