ಲಿಂದಾಲ್ವಾ ಕೊಡದ ಕಷಾಯ

ಗೆಳತಿ ಲಿಂದಾಲ್ವಾ ಕಳೆದ ವಾರ ತೀರಿಕೊಂಡಳು. ನಾನು ನೆಲೆಸಿರುವ ಬ್ರೆಜಿಲ್‌ನ ಬೆಲೆಂ ನಗರದ ನದಿದಂಡೆಯ ಸಂತೆಯಲ್ಲಿ ಅವಳು ಗಿಡಮೂಲಿಕೆ ಮಾರುತ್ತಿದ್ದಳು. ಮೂತ್ರಪಿಂಡದ ಕಲ್ಲಿಗೆ ಜನ ಕೇಳುತ್ತಿದ್ದುದು ‘ಕಲ್ಲೊಡಕ’ ಸೊಪ್ಪನ್ನು. ನಮ್ಮ ನೆಲನೆಲ್ಲಿಯ ಜಾತಿಯದು. ಕಾಲುದಾರಿಯ ಕಲ್ಲು ಸೀಳಿ ಬೆಳೆದದ್ದಕ್ಕೆ ಶಕ್ತಿ ಹೆಚ್ಚೆಂಬುದು ಇಲ್ಲಿಯವರ ನಂಬಿಕೆ. ಒಮ್ಮೆ ಪಕ್ಕೆನೋವಿನಿಂದ ನಡುಗುತ್ತಾ ನಾನೂ ಅಂಥದೇ ಒಂದು ಹಿಡಿ ಕಿತ್ತು ತಂದು, ಕಷಾಯ ಮಾಡಿಕೊಡೆಂದೆ.

“ಅಯ್ಯೋ ಮಾರಾಯ, ಬೀದಿನಾಯಿಗಳೆಲ್ಲ ಇದರ ಮೇಲೆ ಕಾಲೆತ್ತಿರ್ತವೆ!” ಎಂದು ನಕ್ಕಳು. ನನ್ನ ಹಣೆ ಮುಟ್ಟಿದೊಡನೆ ಅವಳ ನಗು ನಿಂತಿತು. “ಮೈ ಸುಡ್ತಿದೆಯಲ್ಲೋ! ಕಲ್ಲಿನ ಜೊತೆ ಜ್ವರ ಬಂದ್ರೆ ಸೊಪ್ಪಿನ ಕೈಲಾಗಲ್ಲ. ನಡಿ ಆಸ್ಪತ್ರೆಗೆ.”

ಅಂಗಡಿಯನ್ನು ಪಕ್ಕದವಳಿಗೆ ಒಪ್ಪಿಸಿ ಅವಳೇ ಕರೆದೊಯ್ದಳು. ಕಲ್ಲು ಮೂತ್ರದ ದಾರಿ ಕಟ್ಟಿ ಒಳಗೆ ಕೀವಾಗಿತ್ತು. ವೈದ್ಯೆ ಕೂಡಲೇ ಮೂತ್ರನಾಳದೊಳಗೆ ನಳಿಕೆ ಇಳಿಸಿ ಕೀವು ಹರಿಯಬಿಟ್ಟರು. ಚೇತರಿಸಿಕೊಂಡ ಮೇಲೆ ನಾನು ಸೊಪ್ಪಿನ ಬಗ್ಗೆ ಅವರನ್ನು ಕೇಳಿದೆ.

“ಹರಳು ಬೆಳೆಯೋದನ್ನ ತಡೀಬಹುದು ಅಂತ ಕೆಲವು ಸಣ್ಣ ಅಧ್ಯಯನ ಹೇಳ್ತವೆ. ಇರೋ ಕಲ್ಲನ್ನ ಒಡೆಯುತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ,” ಎಂದರು ವೈದ್ಯೆ.

“ಕೇಳಿದ್ಯಾ? ಆ ಹೆಸರಿಟ್ಟೋಳು ನಾನಲ್ಲಪ್ಪ,” ಎಂದಳು ಲಿಂದಾಲ್ವಾ.

ಅಂದು ಅವಳು ಕಷಾಯ ಕೊಟ್ಟಿದ್ದರೆ ನಾನು ಸಮಾಧಾನದಿಂದ ಕುಡಿದು ಮಲಗುತ್ತಿದ್ದೆ, ಬಹುಶಃ ಏಳುತ್ತಿರಲಿಲ್ಲ. ಅವಳು ಕೊಡಲಿಲ್ಲ. ಆಮೇಲೆ ನಾನು ಬದುಕಿದ ವರ್ಷಗಳನ್ನೆಲ್ಲ ಅವಳು ಕೊಟ್ಟವೆಂದೇ ಎಣಿಸುತ್ತೇನೆ.